ಬೈಚೋಜನೋ ಬಿಸಿಲೋ: ಹೊಯ್ಸಳ ಶಿಲ್ಪಿಗಳ ಕೈ ಹುಡುಕಿದ ಒಂದು ಸಂಶೋಧನೆಯ ಪ್ರಕರಣ ಅಧ್ಯಯನ

ಹೊಯ್ಸಳ ಶಿಲ್ಪದ ಮೇಲೆ ಪಿಎಚ್.ಡಿ. ಮಾಡುತ್ತಿದ್ದ ಸಂಶೋಧಕಿಯೊಬ್ಬರು ಸಹಿ ಇಲ್ಲದ ವಿಗ್ರಹಗಳನ್ನು ಕೆತ್ತಿದವರು ಯಾರೆಂದು ಕಂಪ್ಯೂಟರಿನ ನೆರವಿನಿಂದ ಪತ್ತೆ ಮಾಡಲು ಹೊರಟರು. ಮೊದಲ ಫಲಿತಾಂಶ ಕಂಡವರೆಲ್ಲ ಬೆರಗಾಗುವಷ್ಟು ಚೆನ್ನಾಗಿ ಬಂತು. ಇಷ್ಟು ಚೆನ್ನಾಗಿ ಬರಲು ಕಾರಣವೇನು ಎಂದು ಕೇಳಿಕೊಂಡ ಮೇಲೆ ಪ್ರಬಂಧದ ದಿಕ್ಕೇ ಬದಲಾಯಿತು. ಮಾರ್ಗದರ್ಶನದ ತಂಡದಲ್ಲಿ ನಾನೂ ಇದ್ದುದರಿಂದ ಆ ತಿರುವುಗಳನ್ನು ಹತ್ತಿರದಿಂದ ನೋಡಿದ್ದೇನೆ, ಆಕೆಯ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಹೆಸರು, ವಿಶ್ವವಿದ್ಯಾಲಯ, ನೆರವಾದವರ ಗುರುತು ಯಾವುದೂ ಇಲ್ಲಿಲ್ಲ. ನುಗ್ಗೇಹಳ್ಳಿ, ಸೋಮನಾಥಪುರ ಎಲ್ಲರಿಗೂ ಗೊತ್ತಿರುವ ಊರುಗಳಾದ್ದರಿಂದ ಹಾಗೇ ಉಳಿಸಿದ್ದೇನೆ. ಮೂರನೆಯದು ಹಳೆ ಮೈಸೂರು ಸೀಮೆಯ ಒಂದು ಹಳ್ಳಿಯ ಗುಡಿ. ಅದರ ಹೆಸರು ಹೇಳದಿರುವುದೂ ಈ ಪ್ರಕರಣದ ತೀರ್ಮಾನಗಳಲ್ಲಿ ಒಂದು.

ಹಿನ್ನೆಲೆ

ಭಾರತದ ದೇವಾಲಯಗಳನ್ನು ಕೆತ್ತಿದವರಲ್ಲಿ ಬಹುಪಾಲು ಜನರ ಹೆಸರು ನಮಗೆ ತಿಳಿಯದು. ಹೊಯ್ಸಳರ ಕಾಲದ ಶಿಲ್ಪಿಗಳು ಇದಕ್ಕೆ ದೊಡ್ಡ ಅಪವಾದ. ವಿಗ್ರಹದ ಪೀಠದ ಅಂಚಿನಲ್ಲಿ, ಒಂದೇ ಸಾಲಿನಲ್ಲಿ, ಕೆಲವೊಮ್ಮೆ ಬಿರುದಿನ ಸಮೇತ, ಕೆಲವೊಮ್ಮೆ ಒಂದೆರಡು ಅಕ್ಷರಕ್ಕೇ ಮುಗಿಸಿ ತಮ್ಮ ಹೆಸರು ಕೊರೆದಿಟ್ಟರು. 1117ರ ಬೇಲೂರಿನಲ್ಲಿ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ. 1246ರ ನುಗ್ಗೇಹಳ್ಳಿಯ ಲಕ್ಷ್ಮೀನರಸಿಂಹ ದೇವಾಲಯದಲ್ಲಿ ನಂದಿ ಎಂಬ ಊರಿನ ಬೈಚೋಜ ಮತ್ತು ಮಲ್ಲಿತಮ್ಮ. ಸೋಮನಾಥಪುರದಲ್ಲಿ ಮತ್ತೆ ಮಲ್ಲಿತಮ್ಮ, ಜೊತೆಗೆ ಮಸಣಿತಮ್ಮ, ಚೌಡೆಯ, ನಂಜೆಯ. ಮೈಸೂರು ಪುರಾತತ್ವ ಇಲಾಖೆಯ ಆರ್. ನರಸಿಂಹಾಚಾರ್ಯರು ಒಂದು ಶತಮಾನದ ಹಿಂದೆಯೇ ಊರೂರು ತಿರುಗಿ ಇವನ್ನು ಓದಿ ಪಟ್ಟಿ ಮಾಡಿದ್ದರು. ಸಹಿ ಇರುವವು ಕೆಲವು, ಇಲ್ಲದವು ಇನ್ನೂ ಅನೇಕ. ಇಲ್ಲದವು ಯಾರ ಕೆಲಸ?

ಈ ಪ್ರಶ್ನೆಗೆ ಕಲಾ ಇತಿಹಾಸದಲ್ಲಿ ಹಳೆಯದೊಂದು ದಾರಿ ಇದೆ. 19ನೆಯ ಶತಮಾನದ ಇಟಲಿಯಲ್ಲಿ, ವೈದ್ಯಶಾಸ್ತ್ರ ಓದಿದ್ದ ಜೊವಾನಿ ಮೊರೆಲ್ಲಿ ಚಿತ್ರಕಾರನನ್ನು ಗುರುತಿಸಲು ಮುಖವನ್ನಲ್ಲ, ಕಿವಿಯನ್ನೂ ಉಗುರನ್ನೂ ನೋಡಬೇಕೆಂದ. ಮುಖದ ಮೇಲೆ ಗಮನವಿಟ್ಟು ಕೆಲಸ ಮಾಡುವವನು ಕಿವಿಯನ್ನು ಅಭ್ಯಾಸಬಲದಿಂದ ಬಿಡಿಸುತ್ತಾನೆ, ಅಲ್ಲೇ ಅವನ ಕೈ ಸಿಕ್ಕಿಬೀಳುತ್ತದೆ ಎನ್ನುವುದು ಅವನ ವಾದ. ನಮ್ಮ ಸಂಶೋಧಕಿಯ ಆಲೋಚನೆಯೂ ಅದೇ ಜಾಡಿನದು. ಬೆರಳ ತುದಿ, ಕಾಲ್ಗಡಗದ ಮಣಿ, ವಿಗ್ರಹದ ತಲೆಯ ಮೇಲೆ ಹಬ್ಬಿದ ಬಳ್ಳಿಯ ತೋರಣದ ಸುರುಳಿ ಇವನ್ನು ಮನುಷ್ಯನ ಕಣ್ಣು ಹತ್ತಾರು ವಿಗ್ರಹಗಳಲ್ಲಿ ಹೋಲಿಸಿ ದಣಿಯುತ್ತದೆ. ಯಂತ್ರ ಸಾವಿರಾರರಲ್ಲಿ ಹೋಲಿಸಬಲ್ಲದು.

ಚಿತ್ರಗಳಿಗೆ ಬರವಿರಲಿಲ್ಲ. ಅಮೆರಿಕನ್ ಇನ್‌ಸ್ಟಿಟ್ಯೂಟ್ ಆಫ್ ಇಂಡಿಯನ್ ಸ್ಟಡೀಸ್‌ನ ಸಂಗ್ರಹದಲ್ಲಿ ದಶಕಗಳ ಕಪ್ಪು-ಬಿಳುಪು ಚಿತ್ರಗಳಿವೆ. ವಿಕಿಮೀಡಿಯ ಕಾಮನ್ಸ್‌ನಲ್ಲಿ ಹವ್ಯಾಸಿಗಳು ತುಂಬಿಸಿದ ಕಣಜವೇ ಇದೆ. 2023ರ ಸೆಪ್ಟೆಂಬರಿನಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರ ಯುನೆಸ್ಕೊ ವಿಶ್ವಪರಂಪರೆಯ ಪಟ್ಟಿಗೆ ಸೇರಿದ ಮೇಲಂತೂ ಇನ್‌ಸ್ಟಾಗ್ರಾಂ, ಫೇಸ್‌ಬುಕ್ ತುಂಬ ಹೊಯ್ಸಳ ಶಿಲ್ಪಗಳೇ.

ತೊಡಕು ಶುರುವಾದದ್ದು

ಸಂಗ್ರಹಿಸಿದ ಚಿತ್ರಗಳನ್ನು ಜೋಡಿಸಲು ಕುಳಿತಾಗ ಮೊದಲ ಪೆಟ್ಟು ಬಿತ್ತು. ಸಾಮಾಜಿಕ ಜಾಲತಾಣದಿಂದ ಬಂದ ಚಿತ್ರಗಳಲ್ಲಿ ಬಹುಪಾಲಿಗೆ ಪೀಠವೇ ಇರಲಿಲ್ಲ. ಮುಖ, ಕಿರೀಟ, ಎದೆಯ ಹಾರ, ನಡುವಿನ ಬಾಗು ಇವಿಷ್ಟೇ ಚೌಕಟ್ಟಿನೊಳಗೆ. ಮೊಬೈಲಿನ ಪರದೆಗೆ ಚೆನ್ನಾಗಿ ಕಾಣಲೆಂದು ಕತ್ತರಿಸುವಾಗ ಮೊದಲು ಹೋಗುವುದು ಕೆಳಗಿನ ಗೇಣುದ್ದ ಕಲ್ಲು. ಶಿಲ್ಪಿಯ ಹೆಸರಿರುವುದು ಅಲ್ಲೇ. ಇದು ನನ್ನನ್ನು ಬಹಳ ಕಾಡಿದ ಸಂಗತಿ. ಎಂಟು ಶತಮಾನ ಮಳೆಗಾಳಿಗೆ ಉಳಿದು ಬಂದ ಹೆಸರನ್ನು ನಾವು ಪ್ರೀತಿಯಿಂದಲೇ, ಹಂಚಿಕೊಳ್ಳುವ ಸಂಭ್ರಮದಲ್ಲೇ ಚಿತ್ರದಿಂದ ಹೊರಗೆ ಹಾಕುತ್ತಿದ್ದೇವೆ. ಇವೆಲ್ಲ ಯಾವುದೋ ಕಳೆದುಹೋದ ಯಂತ್ರ ಕೆತ್ತಿದ್ದು ಎಂದು ಸಾರುವ ವಿಡಿಯೊಗಳು ಲಕ್ಷಾಂತರ ಜನರನ್ನು ತಲುಪುವುದಕ್ಕೂ ಇದಕ್ಕೂ ನಂಟಿದೆ. ಹೆಸರು ಕಾಣದ ಕಡೆ ಮನುಷ್ಯನನ್ನು ಅಳಿಸಿಹಾಕುವುದು ಸುಲಭ.

ಶೀರ್ಷಿಕೆಗಳನ್ನೂ ನಂಬುವಂತಿರಲಿಲ್ಲ. ಹಳೇಬೀಡಿನ ವಿಗ್ರಹ ಬೇಲೂರಾಗಿತ್ತು, ಎಲ್ಲಿಯದೋ ಗಣಪತಿ ಸೋಮನಾಥಪುರದವನಾಗಿದ್ದ. ಕೃತಕ ಬುದ್ಧಿಮತ್ತೆಯಿಂದ ಹುಟ್ಟಿದ ಚಿತ್ರಗಳೂ ನುಸುಳಿದ್ದವು. ಅವನ್ನು ಹಿಡಿಯಲು ನೆರವಾದದ್ದೂ ಪೀಠವೇ. ಪೀಠ ಕಾಣುವ ಕಡೆ ಕೊರೆದಂತೆ ತೋರುವ ಗೀರುಗಳು ಯಾವ ಲಿಪಿಗೂ ಸೇರುತ್ತಿರಲಿಲ್ಲ.

ಇಲ್ಲಿ ಆಕೆ ಮಾಡಿದ ತೀರ್ಮಾನ ದುಬಾರಿಯದು, ಆದರೆ ಸರಿಯಾದದ್ದು. ಎಲ್ಲಿ, ಯಾವ ಗೋಡೆ, ಯಾರು, ಯಾವಾಗ ತೆಗೆದದ್ದು ಎಂಬ ನಾಲ್ಕಕ್ಕೂ ಉತ್ತರವಿಲ್ಲದ ಚಿತ್ರಗಳನ್ನು ಪಕ್ಕಕ್ಕಿಟ್ಟರು. ಕಣಜದ ದೊಡ್ಡ ಪಾಲು ಖಾಲಿಯಾಯಿತು. ಉಳಿದವುಗಳ ಎಕ್ಸೆಲ್ ಹಾಳೆಯಲ್ಲಿ ಪ್ರತಿ ಚಿತ್ರಕ್ಕೂ ಒಂದು ಸಾಲು, ಪ್ರತಿ ಉತ್ತರಕ್ಕೂ ಒಂದು ಕಾಲಂ. ಕೊನೆಗೆ ಆಕೆಯನ್ನು ಕಾಪಾಡಿದ್ದು ಆ ನೀರಸ ಹಾಳೆಯೇ.

ಯಂತ್ರದ ಉತ್ತರ

ಮೊದಲ ಪರೀಕ್ಷೆಗೆ ನುಗ್ಗೇಹಳ್ಳಿಯನ್ನು ಆರಿಸಿಕೊಂಡದ್ದಕ್ಕೆ ಒಳ್ಳೆಯ ಕಾರಣವಿತ್ತು. ಅಲ್ಲಿ ದಕ್ಷಿಣದ ಗೋಡೆಯ ವಿಗ್ರಹಗಳು ಬೈಚೋಜನವು, ಉತ್ತರದವು ಮಲ್ಲಿತಮ್ಮನವು ಎಂದು ಸಹಿಗಳ ಆಧಾರದ ಮೇಲೆ ಹಿಂದಿನ ವಿದ್ವಾಂಸರು ಹೇಳಿದ್ದಾರೆ. ಉತ್ತರ ಗೊತ್ತಿರುವ ಲೆಕ್ಕ ಕೊಟ್ಟು ಯಂತ್ರವನ್ನು ಪರೀಕ್ಷಿಸಬಹುದು. ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿರುವ ಗೆಳತಿಯೊಬ್ಬರು ಬಿಡುವಿನ ವೇಳೆಯಲ್ಲಿ ನೆರವಿಗೆ ಬಂದರು. ಹೆಸರುಗಳನ್ನು ಹೇಳದೆ, ಬರೀ ಚಿತ್ರಗಳನ್ನು ಕೊಟ್ಟು, ಹೋಲುವವನ್ನು ಎರಡು ಗುಂಪು ಮಾಡೆಂದರು.

ಯಂತ್ರ ಮಾಡಿದ ಎರಡು ಗುಂಪುಗಳು ಬೈಚೋಜ ಮತ್ತು ಮಲ್ಲಿತಮ್ಮರ ಹಂಚಿಕೆಗೆ ಹೆಚ್ಚುಕಡಿಮೆ ಸರಿಹೊಂದಿದವು.

ವಿಶ್ವವಿದ್ಯಾಲಯದ ವಿಭಾಗದಲ್ಲಿ ಸಂತೋಷವೋ ಸಂತೋಷ. ಕೂಡಲೇ ಲೇಖನ ಬರೆದು ಕಳಿಸಬೇಕು, ಮುಂದಿನ ಸಮ್ಮೇಳನದಲ್ಲಿ ಮಂಡಿಸಬೇಕು ಎಂಬ ಒತ್ತಾಯವೂ ಬಂತು. ಸಂಶೋಧಕಿ ಮಾತ್ರ ಸೋಮನಾಥಪುರದ ಮೇಲೂ ಓಡಿಸಿ ನೋಡುತ್ತೇನೆ ಎಂದು ಹಟ ಹಿಡಿದರು. ಅಲ್ಲಿ ಹಲವು ಕೈಗಳ ಸಹಿಗಳು ಒಂದೇ ದೇವಾಲಯದ ಸುತ್ತ ಇವೆ, ಆದ್ದರಿಂದ ಪರೀಕ್ಷೆ ಕಠಿಣ. ಫಲಿತಾಂಶ ಕಲಸುಮೇಲೋಗರವಾಯಿತು. ಮಲ್ಲಿತಮ್ಮನದೇ ಸಹಿ ಇರುವ ವಿಗ್ರಹಗಳು ಬೇರೆ ಬೇರೆ ಗುಂಪಿಗೆ ಬಿದ್ದವು, ಬೇರೆಯವರ ಸಹಿ ಇರುವವು ಒಂದಾದವು.

ಈ ಹಂತದಲ್ಲಿ ಎರಡು ದಾರಿ ಇದ್ದವು. ಸೋಮನಾಥಪುರದ ಚಿತ್ರಗಳು ಸರಿಯಿಲ್ಲ ಎಂದು ಬಿಟ್ಟು ನುಗ್ಗೇಹಳ್ಳಿಯ ಗೆಲುವನ್ನು ಪ್ರಕಟಿಸುವುದು ಒಂದು. ಗೆಲುವನ್ನೇ ಅನುಮಾನಿಸುವುದು ಇನ್ನೊಂದು. ಎರಡನೆಯದನ್ನು ಹಿಡಿದಾಗ ಆ ಗೆಳತಿ ಕೊಟ್ಟ ಸಲಹೆ ಇಡೀ ಪ್ರಕರಣದ ಕೀಲಿ. ನುಗ್ಗೇಹಳ್ಳಿಯ ಚಿತ್ರಗಳಿಂದ ವಿಗ್ರಹಗಳನ್ನೇ ತೆಗೆದುಬಿಡಿ, ಪಕ್ಕದ ಬರಿಗೋಡೆಯ ತುಂಡುಗಳನ್ನು ಮಾತ್ರ ಕೊಡಿ ಎಂದರು. ಕೊಟ್ಟರು. ಯಂತ್ರ ಬರಿಗೋಡೆಯನ್ನೂ ಎರಡು ಗುಂಪು ಮಾಡಿತು, ಅದೂ ಬೈಚೋಜ–ಮಲ್ಲಿತಮ್ಮರ ಹಂಚಿಕೆಗೆ ಸರಿಹೊಂದುವ ಹಾಗೆ!

ಅಂದರೆ ಅದು ಕಂಡದ್ದು ಉಳಿಯ ಗುರುತನ್ನಲ್ಲ, ಬಿಸಿಲನ್ನು. ನಮ್ಮ ಅಕ್ಷಾಂಶದಲ್ಲಿ ಏಪ್ರಿಲ್ ಕೊನೆಯಿಂದ ಆಗಸ್ಟ್ ನಡುವಿನವರೆಗೆ ಮಾತ್ರ ನಡುಹಗಲ ಸೂರ್ಯ ಉತ್ತರಕ್ಕಿರುತ್ತಾನೆ. ಉಳಿದ ತಿಂಗಳುಗಳಲ್ಲಿ ಬಿಸಿಲು ದಕ್ಷಿಣದ ಗೋಡೆಯದು. ಜನ ಹೆಚ್ಚಾಗಿ ಫೋಟೊ ತೆಗೆಯುವುದು ದಸರೆಯಿಂದ ಸಂಕ್ರಾಂತಿಯವರೆಗಿನ ಪ್ರವಾಸದ ದಿನಗಳಲ್ಲಿ. ಆಗ ದಕ್ಷಿಣದ ವಿಗ್ರಹಗಳ ಮೇಲೆ ಓರೆ ಬಿಸಿಲು ಬಿದ್ದು ನೆರಳು ಕಡುವಾಗುತ್ತದೆ, ಉತ್ತರದವು ಇಡೀ ದಿನ ಮೆದು ನೆರಳಿನಲ್ಲಿರುತ್ತವೆ. ಬೈಚೋಜನ ಕೆತ್ತನೆ ಕಡಿದು ತೆಗೆದಂತೆ ಚೂಪು, ಮಲ್ಲಿತಮ್ಮನದು ನಯ ಎಂದು ಯಂತ್ರ ಹೇಳಿದಂತಿತ್ತು. ಹೇಳಿದ್ದು ಸೂರ್ಯನ ವಿಚಾರ.

ಇದು ಯಂತ್ರಕ್ಕೆ ಮಾತ್ರ ಸೇರಿದ ತೊಡಕಲ್ಲ ಎನ್ನುವುದೇ ನನಗೆ ಮುಖ್ಯ. ಬಳಪದ ಕಲ್ಲಿನ ಈ ಆಳವಾದ ಕೆತ್ತನೆಯನ್ನು ನಾವು ಯಾವಾಗಲೂ ಯಾವುದೋ ಒಂದು ಬೆಳಕಿನಲ್ಲಿಯೇ ನೋಡಿದ್ದೇವೆ. ಪುಸ್ತಕದ ಫಲಕಗಳನ್ನು ನೋಡಿ ಒಬ್ಬ ಶಿಲ್ಪಿಯ ಶೈಲಿಯನ್ನು 'ಬಿರುಸು', ಇನ್ನೊಬ್ಬನದನ್ನು 'ಸೌಮ್ಯ' ಎಂದು ಬಣ್ಣಿಸುವಾಗ ಛಾಯಾಗ್ರಾಹಕ ಎಷ್ಟು ಗಂಟೆಗೆ ಅಲ್ಲಿ ನಿಂತಿದ್ದ ಎಂದು ನಮ್ಮಲ್ಲಿ ಯಾರೂ ಕೇಳಿರಲಿಲ್ಲ. ಆ ಪ್ರಶ್ನೆಯನ್ನು ಕೇಳಬೇಕಾಗಿ ಬಂದದ್ದು ಯಂತ್ರ ಎಡವಿದ್ದರಿಂದ.

ಮೋಡದ ದಿನ ನೋಡಿ, ಬಿಳಿ ಬಟ್ಟೆ ಮರೆ ಹಿಡಿದು, ಎರಡೂ ಗೋಡೆಗಳನ್ನು ಒಂದೇ ಬಗೆಯ ಬೆಳಕಿನಲ್ಲಿ ಮತ್ತೆ ಚಿತ್ರೀಕರಿಸಿದರು. ಟ್ರೈಪಾಡ್ ಇಡಲು ಪುರಾತತ್ವ ಇಲಾಖೆಯ ಅನುಮತಿ ಬೇಕು, ಅದಕ್ಕೆ ಕಾದರು. ಹಲವು ಕೋನಗಳ ಚಿತ್ರಗಳನ್ನು ಹೊಲಿದು ಕೆಲವು ವಿಗ್ರಹಗಳ ಮೂರು ಆಯಾಮದ ಮಾದರಿ ಮಾಡಿದರು. ಅದರಲ್ಲಿ ಬೆಳಕನ್ನು ಪರದೆಯ ಮೇಲೆ ಬೇಕಾದ ಕಡೆ ತಿರುಗಿಸಬಹುದು. ಹೊಸ ಚಿತ್ರಗಳಲ್ಲಿ ಯಂತ್ರದ ಎರಡು ಗುಂಪುಗಳು ಕರಗಿಹೋದವು. ಕೈಯಿಂದ, ಕಣ್ಣಿಂದ ಬೆರಳು ಮತ್ತು ತೋರಣಗಳನ್ನು ಹೋಲಿಸಿದಾಗ ಬೇರೆಯದೇ ಸಂಗತಿ ಹೊರಬಂತು: ಮಲ್ಲಿತಮ್ಮನ ಹೆಸರಿರುವ ವಿಗ್ರಹಗಳ ನಡುವಿನ ವ್ಯತ್ಯಾಸ, ಅವನಿಗೂ ಬೇರೆಯವರಿಗೂ ಇರುವ ವ್ಯತ್ಯಾಸಕ್ಕಿಂತ ಕಡಿಮೆಯೇನಲ್ಲ.

ಇದು ಯೋಚಿಸಬೇಕಾದ ಮಾತು. ಮಲ್ಲಿತಮ್ಮನ ಹೆಸರು 1196ರ ಅಮೃತಾಪುರದಿಂದ 1258ರ ಸುಮಾರಿನ ಸೋಮನಾಥಪುರದವರೆಗೆ ಕಾಣುತ್ತದೆ. ಅರವತ್ತು ವರ್ಷಕ್ಕೂ ಮಿಕ್ಕಿದ ಅವಧಿ. ಅದು ಒಬ್ಬನ ದೀರ್ಘ ಬಾಳುವೆಯೋ, ಒಬ್ಬನ ಮೇಲ್ವಿಚಾರಣೆಯ ತಂಡವೋ, ಹೆಸರು ಹೊತ್ತ ಇನ್ನೊಬ್ಬನೋ? 'ಒಂದು ಹೆಸರು ಒಂದು ಕೈ' ಎಂದು ಹಿಡಿದೇ ಯಂತ್ರದ ಉತ್ತರವನ್ನು ಅಳೆಯಹೊರಟಿದ್ದು. ಆ ಆಧಾರವನ್ನೇ ಮೊದಲು ಪರೀಕ್ಷಿಸಬೇಕಿತ್ತು ಎನ್ನುವುದು ಪ್ರಬಂಧದ ಹೊಸ ಪ್ರಶ್ನೆಯಾಯಿತು.

ಹಳ್ಳಿಯ ಗುಡಿ

ಇದೇ ಹೊತ್ತಿಗೆ ಹಳ್ಳಿಯ ಗುಡಿಯ ವಿಚಾರ ನಡೆಯುತ್ತಿತ್ತು. ಯಾವ ಇಲಾಖೆಯ ರಕ್ಷಣೆಯಲ್ಲೂ ಇಲ್ಲದ, 13ನೆಯ ಶತಮಾನದ ಚಿಕ್ಕ ಗುಡಿ. ಊರಿನವರು ಭಕ್ತಿಯಿಂದ ಜೀರ್ಣೋದ್ಧಾರ ಮಾಡಿ ಸುತ್ತಲೂ ಸಿಮೆಂಟಿನ ಕಟ್ಟೆ ಕಟ್ಟಿದ್ದರಿಂದ ವಿಗ್ರಹಗಳ ಪೀಠಗಳು ಮುಚ್ಚಿಹೋಗಿದ್ದವು. ಆ ಊರಿಗೊಂದು ವಾಟ್ಸ್ಆ್ಯಪ್ ಗುಂಪಿದೆ. ಬೆಂಗಳೂರು ಸೇರಿದವರು, ಹೊರದೇಶದಲ್ಲಿರುವವರು ಎಲ್ಲ ಅದರಲ್ಲಿದ್ದಾರೆ. ಹಳೆಯ ಫೋಟೊಗಳಿದ್ದರೆ ಕಳಿಸಿ ಎಂದು ಸಂಶೋಧಕಿ ಅಲ್ಲಿ ಕೇಳಿದರು.

ಬಂದವುಗಳಲ್ಲಿ ಕಟ್ಟೆ ಕಟ್ಟುವ ಮೊದಲಿನ ಒಂದು ಮದುವೆಯ ಫೋಟೊ ಇತ್ತು. ಹೊಸ ಜೋಡಿ ದೇವರಿಗೆ ಕೈಮುಗಿದು ಬಂದು ಗೋಡೆಯ ಪಕ್ಕ ನಿಂತಿದ್ದಾರೆ. ಅವರ ಹಿಂದೆ ಒಂದು ವಿಗ್ರಹ, ಪೂರ್ತಿ ಪೀಠದ ಸಮೇತ, ಪೀಠದ ಮೇಲೆ ಅಕ್ಷರಗಳ ಸಾಲು. ಸ್ಕ್ಯಾನ್ ಮಾಡಿ ಹಿಗ್ಗಿಸಿದರೂ ಓದಲಾಗಲಿಲ್ಲ. ಕಾಗದದ ಮೇಲಿನ ಮಸುಕು ಅಷ್ಟಕ್ಕೇ ಮುಗಿಯುತ್ತದೆ.

ಗುಂಪಿನ ಯುವಕನೊಬ್ಬ ಉತ್ಸಾಹದಿಂದ ಅದನ್ನು ಕೃತಕ ಬುದ್ಧಿಮತ್ತೆಯ ಆ್ಯಪಿಗೆ ಹಾಕಿ ಸ್ಪಷ್ಟಗೊಳಿಸಿ ಕಳಿಸಿದ. ಚಿತ್ರ ಈಗ ಫಳಫಳ ಹೊಳೆಯುತ್ತಿತ್ತು. ಅಕ್ಷರಗಳು 'ಮಲ್ಲಿ' ಎಂದು ಓದುವಂತಿದ್ದವು. ನಮ್ಮೂರಿನ ಗುಡಿ ಮಲ್ಲಿತಮ್ಮನದು ಎಂದು ಗುಂಪಿನಲ್ಲಿ ಹಬ್ಬವೇ ಆಯಿತು. ಪ್ರಬಂಧಕ್ಕೂ ಅದು ಬಹಳ ಅನುಕೂಲದ ಉತ್ತರ. ಆದರೆ ಅಂಥ ಆ್ಯಪ್ ಕಳೆದುಹೋದದ್ದನ್ನು ಹುಡುಕಿ ತರುವುದಿಲ್ಲ, ಇರಬಹುದಾದದ್ದನ್ನು ತುಂಬುತ್ತದೆ. ಸಂಶೋಧಕಿ ಆ ಹುಡುಗನಿಗೆ ನೋವಾಗದಂತೆ, ಇದನ್ನು ಆಧಾರವಾಗಿ ತೆಗೆದುಕೊಳ್ಳಲಾಗದು ಎಂದು ಕಾರಣ ಸಮೇತ ಗುಂಪಿನಲ್ಲೇ ಬರೆದರು. ಆಮೇಲೆ ಊರಿಗೇ ಹೋಗಿ, ಆ ವಿಗ್ರಹದ ಕೆಳಗಿನ ಒಂದಿಷ್ಟು ಸಿಮೆಂಟು ತೆಗೆಸಲು ಸಾಧ್ಯವೇ ಎಂದು ಹಿರಿಯರನ್ನು ಕೇಳಿದರು.

ಗುಡಿಯ ಸಮಿತಿಯ ಯಜಮಾನರು ಒಪ್ಪಿದರು, ಒಂದು ಷರತ್ತು ಹಾಕಿದರು. "ನೋಡವ್ವ, ಫೋಟೊ ತೆಗಿ, ಬರ್ಕೊ, ಬ್ಯಾಡ ಅನ್ನಲ್ಲ. ಆದ್ರೆ ಊರ ಹೆಸ್ರು, ದಾರಿ, ಆ ಮ್ಯಾಪು ಗೀಪು ಏನೂ ಹಾಕ್ಬ್ಯಾಡ. ನಿಧಿ ಐತೆ ಅಂತ ಪಕ್ಕದೂರ ಗುಡೀನ ಅಗೆದಾಕವ್ರೆ. ನಮ್ದುಕ್ಕೆ ಬೀಗಾನೂ ಸರಿಗಿಲ್ಲ."

ಗಾರೆ ಕೆಲಸದವರು ಉಳಿ ಹಿಡಿದು ನಾಜೂಕಾಗಿ ಸಿಮೆಂಟು ಬಿಡಿಸಿದರು. ಕತ್ತಲಾದ ಮೇಲೆ ಕ್ಯಾಮೆರಾವನ್ನು ಕದಲಿಸದೆ, ದೀಪವನ್ನು ಮಾತ್ರ ಸುತ್ತಲೂ ಬೇರೆ ಬೇರೆ ಓರೆಯಲ್ಲಿ ಹಿಡಿದು ಸಾಲು ಚಿತ್ರಗಳನ್ನು ತೆಗೆದು ಕಂಪ್ಯೂಟರಿನಲ್ಲಿ ಸೇರಿಸಿದರು. ನೆರಳಿನ ಚಲನೆಯಿಂದಲೇ ತಗ್ಗುಗಳನ್ನು ಓದಿಸುವ ವಿಧಾನವಿದು, 2001ರಲ್ಲಿ ಎಚ್‌ಪಿ ಪ್ರಯೋಗಾಲಯದ ಟಾಮ್ ಮಾಲ್ಜ್‌ಬೆಂಡರ್ ಮಂಡಿಸಿದ್ದರ ಮುಂದುವರಿಕೆ. ಕಾಗದ ಒತ್ತಿ ಪಡಿಯಚ್ಚನ್ನೂ ತೆಗೆದರು. ಶಾಸನ ಓದಿ ಪಳಗಿದ ಹಿರಿಯರೊಬ್ಬರು ಎರಡನ್ನೂ ನೋಡಿ ಹೇಳಿದ್ದು ಒಂದೇ: ಮೊದಲ ಅಕ್ಷರ 'ಮ'. ಎರಡನೆಯದು ಒಡೆದಿದೆ. ಮುಂದೆ ಏನೂ ಇಲ್ಲ.

ಮಲ್ಲಿತಮ್ಮನಿಗೂ 'ಮ', ಮಸಣಿತಮ್ಮನಿಗೂ 'ಮ'. ಹೆಸರು ಗೊತ್ತಿಲ್ಲದ ಇನ್ನೆಷ್ಟು ಜನರಿಗೋ. ಪ್ರಬಂಧದಲ್ಲಿ ಅಚ್ಚಾಗಿರುವುದು 'ಮ' ಮತ್ತು ಮೂರು ಚುಕ್ಕಿ.

ಯಾವುದನ್ನು ಹೊರಗಿಡುವುದು, ಯಾವುದನ್ನು ಒಳಗೆ

ಯಜಮಾನರ ಷರತ್ತು ಸಣ್ಣದಲ್ಲ. ಇಂದಿನ ಸಂಶೋಧನೆಯಲ್ಲಿ ಎಲ್ಲ ಮಾಹಿತಿಯನ್ನೂ ತೆರೆದಿಡಬೇಕು ಎನ್ನುವುದು ಒಳ್ಳೆಯ ಒತ್ತಾಯ. ಮೊಬೈಲಿನ ಚಿತ್ರವಾದರೋ ಜಿಪಿಎಸ್ ಗುರುತನ್ನು ತನ್ನೊಳಗೇ ಹೊತ್ತುಕೊಂಡು ಹೋಗುತ್ತದೆ. ಹಾಗೆಂದು ದಾಖಲೆಯನ್ನೇ ಮಾಡದಿರುವುದೂ ಅಪಾಯ. ತಮಿಳುನಾಡಿನ ಶ್ರೀಪುರಂತಾನ್ ದೇವಾಲಯದಿಂದ ಕಳುವಾದ ಚೋಳರ ನಟರಾಜನನ್ನು ಆಸ್ಟ್ರೇಲಿಯಾದ ನ್ಯಾಷನಲ್ ಗ್ಯಾಲರಿ 2008ರಲ್ಲಿ ಕೊಂಡಿತ್ತು. ಅದು ಕದ್ದದ್ದೆಂದು ತೋರಿಸಿಕೊಡಲು ನೆರವಾದದ್ದು ಪುದುಚೇರಿಯ ಫ್ರೆಂಚ್ ಸಂಸ್ಥೆಯ ಸಂಗ್ರಹದಲ್ಲಿದ್ದ ಹಳೆಯ ಫೋಟೊಗಳು. 2014ರಲ್ಲಿ ವಿಗ್ರಹ ಭಾರತಕ್ಕೆ ಮರಳಿತು. ಫೋಟೊ ಇಲ್ಲದ ವಿಗ್ರಹ ಕಳುವಾದರೆ ನಮ್ಮದೆಂದು ಹೇಳಿಕೊಳ್ಳಲು ಏನೂ ಉಳಿಯದು.

ಆದ್ದರಿಂದ ಹಳ್ಳಿಯ ಗುಡಿಯ ಪ್ರತಿ ವಿಗ್ರಹವನ್ನೂ ಅಳತೆ, ಒಡಕು, ಹಿಂಬದಿ ಸಮೇತ ಪೂರ್ತಿಯಾಗಿ ದಾಖಲಿಸಿ, ಆ ಪ್ರತಿಯನ್ನು ಊರಿನ ಸಮಿತಿಗೂ ವಿಶ್ವವಿದ್ಯಾಲಯಕ್ಕೂ ಕೊಟ್ಟರು. ಜಾಲಕ್ಕೆ ಏನನ್ನೂ ಏರಿಸಲಿಲ್ಲ. ಪ್ರಬಂಧದಲ್ಲಿ ಊರಿನ ಬದಲು ಒಂದು ಸಂಕೇತ ಸಂಖ್ಯೆ ಇದೆ.

ಎರಡು ಕಡೆ ಪ್ರತಿ ಇಡಬೇಕೆಂಬ ಹಟಕ್ಕೆ ಇನ್ನೊಂದು ಕಾರಣವೂ ಇತ್ತು. ಪೀಠಗಳು ಹಿಂದೆ ಹೇಗಿದ್ದವೆಂದು ನೋಡಲು, 1856ರ ಸುಮಾರಿಗೆ ರಿಚರ್ಡ್ ಬ್ಯಾನರ್ ಓಕ್ಲಿ ಹಳೇಬೀಡಿನಲ್ಲಿ ತೆಗೆದ ಚಿತ್ರಗಳನ್ನು ಆಕೆ ಬ್ರಿಟಿಷ್ ಲೈಬ್ರರಿಯ ಜಾಲತಾಣದಲ್ಲಿ ಬಳಸುತ್ತಿದ್ದರು. 2023ರ ಅಕ್ಟೋಬರ್ ಕೊನೆಯಲ್ಲಿ ಆ ಗ್ರಂಥಾಲಯದ ಮೇಲೆ ಸೈಬರ್ ದಾಳಿ ನಡೆದು ಅದರ ಆನ್‌ಲೈನ್ ಸೇವೆಗಳು ನಿಂತುಹೋದವು. ಅಡಿಟಿಪ್ಪಣಿಗಳಲ್ಲಿದ್ದ ಕೊಂಡಿಗಳು ಒಮ್ಮೆಗೇ ಸತ್ತವು. ಚಿತ್ರದ ಹೆಸರು, ವರ್ಷ, ಛಾಯಾಗ್ರಾಹಕನ ಹೆಸರುಗಳನ್ನು ಆ ಎಕ್ಸೆಲ್ ಹಾಳೆಯಲ್ಲಿ ಬರೆದಿಟ್ಟಿದ್ದರಿಂದ ವಾದ ಉಳಿಯಿತು.

ಇಂಥ ಕೆಲಸಕ್ಕೆ ಕೈಹಾಕುವವರಿಗೆ ಈ ಪ್ರಕರಣದಿಂದ ನಾನು ಒತ್ತಿ ಹೇಳುವುದು ಬರಿಗೋಡೆಯ ಪರೀಕ್ಷೆಯನ್ನು. ಯಂತ್ರ ಸರಿಯುತ್ತರ ಕೊಟ್ಟಾಗಲೇ ಅದನ್ನು ಮಾಡಬೇಕು. ತಪ್ಪುತ್ತರ ಕೊಟ್ಟಾಗ ಹೇಗೂ ಅನುಮಾನ ಬಂದೇ ಬರುತ್ತದೆ. ಚಿತ್ರವನ್ನು ಶಿಲ್ಪವೆಂದು ಓದುವ ಮೊದಲು ಅದನ್ನೇ ಒಂದು ಶಾಸನದಂತೆ ಓದಬೇಕು: ಯಾರು, ಎಲ್ಲಿ ನಿಂತು, ಯಾವ ಹೊತ್ತಿನಲ್ಲಿ, ಏನನ್ನು ಹೊರಗಿಟ್ಟು ಮಾಡಿದ್ದು. ಮತ್ತೆ, ಊರಿನವರನ್ನು ಮಾಹಿತಿದಾರರೆಂದು ಮಾತ್ರ ನೋಡಿದ್ದರೆ ಮದುವೆಯ ಫೋಟೊ ಬರುತ್ತಿತ್ತೇನೋ, ಸಿಮೆಂಟು ಮಾತ್ರ ಬಿಡುತ್ತಿರಲಿಲ್ಲ.

ಮೌಖಿಕ ಪರೀಕ್ಷೆಯಲ್ಲಿ ಪರೀಕ್ಷಕರೊಬ್ಬರು, ಯಂತ್ರದಿಂದ ಒಬ್ಬ ಶಿಲ್ಪಿಯೂ ಸಿಗದಿದ್ದ ಮೇಲೆ ಆ ಅಧ್ಯಾಯವನ್ನು ಇಟ್ಟುಕೊಂಡದ್ದೇಕೆ ಎಂದು ಕೇಳಿದರು. ಮುಂದೆ ಬರುವವರು ಇದೇ ನುಗ್ಗೇಹಳ್ಳಿಯಿಂದ ಶುರು ಮಾಡುತ್ತಾರೆ ಸರ್, ಅವರಿಗೂ ಇದೇ ಒಳ್ಳೆಯ ಫಲಿತಾಂಶ ಬರುತ್ತದೆ ಎಂದು ಆಕೆ ಉತ್ತರಿಸಿದರು. ಅಧ್ಯಾಯ ಉಳಿಯಿತು. ನುಗ್ಗೇಹಳ್ಳಿ ಮತ್ತು ಸೋಮನಾಥಪುರದ ಚಿತ್ರಗಳನ್ನು, ಪ್ರತಿಯೊಂದಕ್ಕೂ ದಿನಾಂಕ, ಗಂಟೆ, ಗೋಡೆಯ ದಿಕ್ಕು, ಮೋಡವೋ ಬಿಸಿಲೋ ಎಂಬ ವಿವರದೊಂದಿಗೆ, ಯಾರು ಕೇಳಿದರೂ ಕೊಡುತ್ತಿದ್ದಾರೆ. ಉತ್ತರದ ಗೋಡೆಗೆ ಬಿಸಿಲು ಬೀಳುವ ಮೇ ತಿಂಗಳ ಚಿತ್ರಗಳು ಇನ್ನೂ ಸಾಲದು, ಅವನ್ನು ತೆಗೆಯುವ ಕೆಲಸ ನಡೆದಿದೆ. ಹಳ್ಳಿಯ ಗುಡಿಯ ಚಿತ್ರಗಳನ್ನು ಇದಕ್ಕೆ ಸೇರಿಸುವ ವಿಚಾರವನ್ನು ಗುಡಿಗೆ ಗಟ್ಟಿ ಬಾಗಿಲು, ಬೀಗ ಆದ ಮೇಲೆ ಮಾತಾಡೋಣ ಎಂದು ಸಮಿತಿ ಹೇಳಿದೆ.